ಬಾರದ್ದೋ, ಮಾಡದ್ದೋ

ಹೈದರಾಬಾದ್
೧೪ ಆಗಸ್ಟ್ ೧೯೭೮

ದೋಸ್ತ ದಿಗಂಬರ,

ಈದಿಗೊಂದು, ದೀಪಾವಳಿಗೊಂದು ಕಾರ್ಡು ಹಾಕಿ ಸ್ನೇಹ ಉಳಿಸಿಕೊಂಡವರು ನಾವು. ಉದ್ದನೆಯ ಪತ್ರ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ನಿನ್ನ ಶಿಷ್ಯ ಮಾರುತಿಯ ವಿಷಯ ಬರೆಯಬೇಕಾಗಿದೆ.

ಹೋದ ಡಿಸೆಂಬರಿನಲ್ಲಿ ಬೀದರಿನ ಆಯ್ಕೆಗೆ ಬಂದವನು ನಿಂತ ಜಾಗದಿಂದ ಇಪ್ಪತ್ತಕ್ಕೆ ಹದಿನೆಂಟು ಸಲ ಚೆಂಡನ್ನು ರಿಂಗಿನೊಳಗೆ ಹಾಕಿದ. ಅದನ್ನು ನೋಡಿ, ಅದರ ಮೇಲೆ ನಿನ್ನ ಶಿಫಾರಸು ಓದಿ, ನಮ್ಮ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನೇ ಕರೆತಂದೆ. ಹಾಜರಿ ಪುಸ್ತಕದಲ್ಲಿ ಅವನು ಸ್ಟೋರಿನ ಗುಮಾಸ್ತ, ನಿಜವಾದ ಕೆಲಸ ಆಟದ್ದು. ಒಂದು ವರ್ಷ ನೋಡಿ ಖಾಯಂ ಮಾಡುತ್ತಾರೆ, ಇಲ್ಲವೇ ಊರಿಗೆ ಕಳಿಸುತ್ತಾರೆ. ನವೆಂಬರಿನಲ್ಲಿ ಕಮಿಟಿ ಕೂಡುತ್ತದೆ. ತಂಡದ ಮ್ಯಾನೇಜರನೆಂದು ನಾನು ವರದಿ ಕೊಡಬೇಕು.

ಏನು ಕೊಡಲಿ? ಚೆಂಡು ಕೈಗೆ ಬಂದರೆ ಒಂದು ಸಲ ಪುಟಿಸುತ್ತಾನೆ, ನಿಲ್ಲುತ್ತಾನೆ, ಪಕ್ಕದವನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಎದುರಿಗೆ ದಾರಿ ಖಾಲಿ ಇದ್ದರೂ ನುಗ್ಗುವುದಿಲ್ಲ. ಚೆಂಡು ಯಾರ ಕೈಗೂ ಸಿಗದೆ ಉರುಳಿತೆಂದರೆ ಒಂಬತ್ತು ಜನ ಅದರ ಮೇಲೆ ಬೀಳುತ್ತಾರೆ, ಇವನು ಮದುವೆಗೆ ಬಂದ ಬೀಗರ ಹಾಗೆ ನಿಂತು ನೋಡುತ್ತಾನೆ. ಬೈದೆ, ಕೂರಿಸಿಕೊಂಡು ಹೇಳಿದೆ, ಪಂದ್ಯಗಳಿಂದ ಹೊರಗಿಟ್ಟೆ. ತಲೆ ತಗ್ಗಿಸಿ ನಿಲ್ಲುತ್ತಾನೆ, ತುಟಿ ಪಿಟಕ್ ಅನ್ನುವುದಿಲ್ಲ.

ನನ್ನ ಪ್ರಶ್ನೆ ಒಂದೇ. ಇದು ಬಾರದ್ದೋ, ಮಾಡದ್ದೋ? ಬಾರದ್ದಾದರೆ ನಾನು ಕಲಿಸುತ್ತೇನೆ, ಇನ್ನೊಂದು ವರ್ಷ ಕೇಳಿಕೊಳ್ಳುತ್ತೇನೆ. ಬರುತ್ತಿದ್ದೂ ಮಾಡದವನನ್ನು ಮಾತ್ರ ಇಟ್ಟುಕೊಳ್ಳಲಾರೆ. ಹನ್ನೆರಡನೆಯ ವಯಸ್ಸಿನಿಂದ ಅವನನ್ನು ಕಂಡವನು ನೀನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಬರೆಯಬೇಡ. ಇದ್ದದ್ದು ಬರೆ.

ನಿನ್ನ
ಸಲಾವುದ್ದೀನ್


ಹುಮನಾಬಾದ
೨೨ ಆಗಸ್ಟ್ ೧೯೭೮

ಪ್ರಿಯ ಸಲಾವುದ್ದೀನ್,

ಇದ್ದದ್ದು ಬರೆ ಎಂದು ನನಗೆ ಹೇಳಬೇಕೇ? ಇಪ್ಪತ್ತೆರಡು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿದ್ದೇನೆ. ಸ್ವಂತ ಅಕ್ಕನ ಮಗನನ್ನೂ ಓಟದಲ್ಲಿ ಮೂರನೆಯವನೆಂದು ಬರೆದವನು ನಾನು, ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದಳು.

ಮಾರುತಿಯ ಕೈ ದೇವರು ಕೊಟ್ಟದ್ದು. ಮಣಿಕಟ್ಟು ಬಾಗುವ ರೀತಿ, ಚೆಂಡು ಬಿಟ್ಟ ಮೇಲೂ ಬೆರಳು ರಿಂಗನ್ನೇ ನೋಡುವ ರೀತಿ ಕಲಿಸಿ ಬರುವಂಥದಲ್ಲ. ಎತ್ತರ ಸಾಕಷ್ಟಿದೆ, ಮೊಣಕಾಲು ಗಟ್ಟಿ, ಉಸಿರು ಉದ್ದ. ಇಷ್ಟೆಲ್ಲ ಇದ್ದೂ ಹಾಗೆ ನಿಲ್ಲುತ್ತಾನೆಂದರೆ ಅದು ಬಾರದ್ದು ಹೇಗಾದೀತು? ನೀನು ಬರೆದದ್ದು ಓದಿ ನನಗೇ ನಾಚಿಕೆಯಾಯಿತು. ಕಾಯಕವೆಂದರೇನೆಂದು ಲೋಕಕ್ಕೆ ಹೇಳಿಕೊಟ್ಟ ಕಲ್ಯಾಣದಲ್ಲಿ ಹುಟ್ಟಿ ಈ ಹುಡುಗ ಮೈಗಳ್ಳನಾದ. ಪಗಾರ ಶುರುವಾದ ಮೇಲೆ ಕೊಬ್ಬು ಬಂದಿರಬೇಕು.

ಅವನ ಲಕ್ಷಣ ತಿಳಿಯಲು ಒಂದು ಮಾತು ಹೇಳುತ್ತೇನೆ. ನಾಗರಪಂಚಮಿಗೆ ಅವನು ಬಸವಕಲ್ಯಾಣಕ್ಕೆ ತಾಯಿಯ ಹತ್ತಿರ ಬಂದು ಹೋದ. ಹೈದರಾಬಾದಿನ ಬಸ್ಸು ಇಳಿದು ಕಲ್ಯಾಣದ ಬಸ್ಸು ಹತ್ತಿದ್ದು ನಮ್ಮ ಸ್ಟ್ಯಾಂಡಿನಲ್ಲೇ. ಚಹಾದ ಹೋಟೆಲಿನ ಬದ್ರುದ್ದೀನ್ ಕಣ್ಣಾರೆ ನೋಡಿದ್ದಾನೆ. ನನ್ನ ಮನೆ ಅಲ್ಲಿಂದ ಐದು ನಿಮಿಷ. ಸಿಟ್ಟಿನಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡ.

ನನ್ನ ತೀರ್ಪು: ಬಾರದ್ದಲ್ಲ, ಮಾಡದ್ದು. ಬೇಕಾದರೆ ಈ ಪತ್ರವನ್ನು ಕಮಿಟಿಗೆ ತೋರಿಸು.

ಇಂತು
ದಿಗಂಬರ


ಹುಮನಾಬಾದ
೨೪ ಆಗಸ್ಟ್ ೧೯೭೮

ಚಿ. ಮಾರುತಿಗೆ,

ಕ್ಷೇಮವೇ? ನಮ್ಮೂರ ಮೇಲೆ ಹಾದು ಹೋದವನು ಮನೆಗೆ ಬರಲಿಲ್ಲವೆಂದು ಕೇಳಿದೆ. ಇರಲಿ, ಕೆಲಸದವರಿಗೆ ಪುರಸೊತ್ತು ಕಡಿಮೆ. ಆಟ ಹೇಗೆ ನಡೆದಿದೆ? ಸಲಾವುದ್ದೀನ್ ಸಾಹೇಬರು ಹೇಳಿದಂತೆ ಕೇಳಿಕೊಂಡಿರು. ಏನಾದರೂ ಅಡಚಣೆಯಿದ್ದರೆ ಮುಚ್ಚಿಡದೆ ಬರೆ, ನಾನಿದ್ದೇನೆ.

ಆಶೀರ್ವಾದಗಳೊಂದಿಗೆ
ದಿಗಂಬರ ಮಾಸ್ತರ


ಹೈದರಾಬಾದ್
೯ ಸೆಪ್ಟೆಂಬರ್ ೧೯೭೮

ಪೂಜ್ಯ ಗುರುಗಳ ಪಾದಗಳಿಗೆ ಮಾರುತಿಯ ನಮಸ್ಕಾರ.

ನಿಮ್ಮ ಪತ್ರ ಓದಿ ಅಳು ಬಂತು. ಪಂಚಮಿಗೆ ಬಂದಾಗ ನಿಮ್ಮ ಮನೆಗೆ ಬರಬಾರದೆಂದಿರಲಿಲ್ಲ. ಮೂರು ತಿಂಗಳಿಂದ ನನ್ನನ್ನು ಪಂದ್ಯಕ್ಕೆ ಇಳಿಸಿಲ್ಲ, ಯಾವ ಮುಖ ತೋರಿಸಲಿ? ಆದರೂ ಶಾಲೆಯ ಬೇಲಿಯ ತನಕ ಬಂದು ನಿಂತೆ. ಒಳಗೆ ಹುಡುಗರು ಆಡುತ್ತಿದ್ದರು. ಚೆಂಡು ಪುಟಿಸುವ ಸಪ್ಪಳ ನಿಲ್ಲದೆ ಕೇಳುತ್ತಿತ್ತು. ನೀವು ಬೈಯುವುದು ಮಾತ್ರ ಕೇಳಿಸಲಿಲ್ಲ. ನನಗೆ ಏನೂ ತಿಳಿಯದೆ ಬಸ್ಸಿಗೆ ಹೋದೆ.

ಅಡಚಣೆ ಇದ್ದರೆ ಬರೆ ಎಂದಿದ್ದೀರಿ, ಅದಕ್ಕೆ ಧೈರ್ಯ ಮಾಡಿದ್ದೇನೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಮೊದಲ ಚರ್ಮದ ಚೆಂಡು ಬಂತು. ಖಂಡೇನವಮಿಯ ಆಯುಧಪೂಜೆಯ ದಿನ ಕವಾಯತಿನ ಲೇಜಿಮು, ಡಂಬೆಲ್ಲುಗಳ ಜೊತೆ ಅದನ್ನೂ ಇಟ್ಟು ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದಿರಿ. ನಾವು ಹನ್ನೊಂದು ಜನ ಅದರ ಮೇಲೆ ಕೈಯಿಟ್ಟು ಆಣೆ ಮಾಡಿದೆವು. ಮುರುಮಿನ ಕಲ್ಲುನೆಲದಲ್ಲಿ ಚರ್ಮ ಹರಿಯುತ್ತದೆ, ಒಂದಕ್ಕಿಂತ ಹೆಚ್ಚು ಸಲ ಪುಟಿಸುವುದಿಲ್ಲ. ಉರುಳಿದ ಚೆಂಡಿನ ಹಿಂದೆ ಗುಂಪು ಓಡಿದರೆ ಕಾಲು ತಾಗಿ ಜಾಲಿಯ ಮುಳ್ಳಿಗೆ ಹೋಗುತ್ತದೆ, ಆದ್ದರಿಂದ ಓಡುವುದಿಲ್ಲ, ಮಾನಿಟರ್ ಒಬ್ಬನೇ ಹೋಗಿ ತರಬೇಕು. ಆಣೆ ಮುರಿದ ಮೂವರನ್ನು ನೀವು ತಂಡದಿಂದ ತೆಗೆದಿರಿ. ನಾನು ಒಂದು ದಿನವೂ ಮುರಿಯಲಿಲ್ಲ.

ಇಲ್ಲಿ ಸಾಹೇಬರು ಪುಟಿಸು, ನುಗ್ಗು, ಬೀಳು ಎಂದು ದಿನಾ ಹೇಳುತ್ತಾರೆ. ಎರಡನೆಯ ಸಲಕ್ಕೆ ಕೈ ಏಳುವುದಿಲ್ಲ. ಇದು ಸಿಮೆಂಟಿನ ನೆಲ, ಚೆಂಡುಗಳೂ ಬೇಕಾದಷ್ಟಿವೆ ಎಂದು ನನಗೆ ಗೊತ್ತಿದೆ. ಆದರೆ ಪೂಜೆಯ ಚೆಂಡು ಮುಟ್ಟಿ ಮಾಡಿದ ಆಣೆ, ಮಾಡಿಸಿದವರೇ ಬಿಡಿಸಬೇಕಲ್ಲವೇ? ಸಾಹೇಬರಿಗೆ ಇದನ್ನು ಹೇಳಿಲ್ಲ. ಹೇಳಿದರೆ ನೀವು ಕಲಿಸಿದ್ದರ ಮೇಲೆ ಮಾತು ಬರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಒಂದು ತಾಸು ಮೊದಲು ಹೋಗಿ ನಿಂತಲ್ಲಿಂದಲೇ ಮುನ್ನೂರು ಸಲ ಎಸೆಯುತ್ತೇನೆ, ಅದಕ್ಕೆ ಆಣೆ ಅಡ್ಡ ಬರುವುದಿಲ್ಲ.

ನವೆಂಬರಿನಲ್ಲಿ ನನ್ನ ತೀರ್ಮಾನ. ನೀವು ಒಪ್ಪಿಗೆ ಕೊಟ್ಟರೆ ಅವರು ಹೇಳಿದಂತೆ ಆಡುತ್ತೇನೆ. ಕೊಡದಿದ್ದರೂ ಬೇಸರವಿಲ್ಲ.

ನಿಮ್ಮ ಆಜ್ಞೆಯ ದಾರಿ ಕಾಯುವ
ಮಾರುತಿ


ಹುಮನಾಬಾದ
೧೫ ಸೆಪ್ಟೆಂಬರ್ ೧೯೭೮

ಚಿ. ಮಾರುತಿಗೆ,

ಆಣೆ ಬಿಡಿಸಿದ್ದೇನೆ. ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ನಿನ್ನ ಹೆಸರು ಹೇಳಿ ಬಿಡಿಸಿದ್ದೇನೆ. ಇನ್ನು ಮನಸ್ಸು ಬಂದಷ್ಟು ಪುಟಿಸು, ನುಗ್ಗು, ಚೆಂಡಿನ ಮೇಲೆ ಬೀಳು. ಈ ಸಂಗತಿಯನ್ನು ಸಾಹೇಬರಿಗೆ ನೀನು ಹೇಳುವುದು ಬೇಡ, ನಾನೇ ಬರೆಯುತ್ತೇನೆ.

ದಿಗಂಬರ ಮಾಸ್ತರ


ಹುಮನಾಬಾದ
೨೭ ಸೆಪ್ಟೆಂಬರ್ ೧೯೭೮

ಪ್ರಿಯ ಸಲಾವುದ್ದೀನ್,

ಹುಡುಗನಿಗೆ ಕಿವಿ ಹಿಂಡಿ ಪತ್ರ ಬರೆದಿದ್ದೇನೆ. ಇಷ್ಟು ಹೊತ್ತಿಗೆ ಸುಧಾರಣೆ ಕಂಡಿರಬೇಕು. ಹಿಂದಿನ ಪತ್ರದಲ್ಲಿ ನನ್ನ ಮಾತು ಸ್ವಲ್ಪ ಬಿರುಸಾಯಿತೇನೋ, ನೋಡಿಕೊಂಡು ಬಳಸು. ಉಳಿದದ್ದು ಭೇಟಿಯಾದಾಗ ಮಾತಾಡೋಣ. ಇಲ್ಲಿ ಮಳೆ ಸಾಧಾರಣ.

ದಿಗಂಬರ


ಹೈದರಾಬಾದ್
೯ ನವೆಂಬರ್ ೧೯೭೮

ದೋಸ್ತ ದಿಗಂಬರ,

ಸೋಮವಾರ ಕಮಿಟಿ ಕೂಡಿತು. ಮಾರುತಿಯನ್ನು ಖಾಯಂ ಮಾಡಲಿಲ್ಲ. ನಿನ್ನೆ ಅವನನ್ನು ಬಸ್ಸು ಹತ್ತಿಸಿ ಬಂದೆ.

ನಿನ್ನ ಪತ್ರದಲ್ಲಿ ಏನು ಮಂತ್ರವಿತ್ತೋ, ಸೆಪ್ಟೆಂಬರ್ ಕೊನೆಯಿಂದ ಹುಡುಗ ಬೇರೆಯೇ ಆಗಿದ್ದ. ಮೊದಲ ವಾರ ಚೆಂಡು ಕೈಯಿಂದ ಜಾರುತ್ತಿತ್ತು, ಎರಡನೆಯ ವಾರ ಹಿಡಿತಕ್ಕೆ ಬಂತು. ಒಂದು ತಿಂಗಳಲ್ಲಿ ಅವನನ್ನು ತಡೆಯುವವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ. ಎರಡೂ ಮೊಣಕಾಲಿನ ಚರ್ಮ ಹೋಗಿತ್ತು, ಪಟ್ಟಿ ಕಟ್ಟಿಕೊಂಡು ಬರುತ್ತಿದ್ದ. ಇಂಥ ಆಟಗಾರನನ್ನು ಬಿಡಬೇಡಿ ಎಂದು ನಾನು ವರದಿ ಕೊಟ್ಟೆ.

ಆ ಸುಧಾರಣೆಯೇ ಅವನಿಗೆ ಮುಳುವಾಯಿತು. ನಿನ್ನ ಆಗಸ್ಟಿನ ಪತ್ರ ಬಂದಾಗಲೇ ನಾನು ಅದನ್ನು ಫೈಲಿಗೆ ಹಾಕಿದ್ದೆ, ನೀನೇ ತೋರಿಸು ಎಂದಿದ್ದೆಯಲ್ಲ. ಕಮಿಟಿಯಲ್ಲಿ ದತ್ತಾತ್ರಿ ಎಂಬ ನಮ್ಮ ಕಡೆಯ ಅಧಿಕಾರಿಯಿದ್ದಾರೆ, ಅವರು ಅದನ್ನು ಎಲ್ಲರೆದುರು ಜೋರಾಗಿ ಓದಿದರು. ಓದಿ, "ನೌಕರಿ ಹೋಗ್ತದಂದ ಕೂಡ್ಲೆ ಒಂದ ತಿಂಗಳದಾಗ ಎಲ್ಲಾ ಬಂತಲ್ರಿ. ಅಂದ್ರ ಮೊದಲೂ ಬರ್ತಿತ್ತು, ಮಾಡ್ತಿದ್ದಿಲ್ಲ. ಮಾಸ್ತರು ಬರದದ್ದ ಖರೆ ಆತು," ಎಂದರು.

ಹುಡುಗನನ್ನು ಒಳಗೆ ಕರೆದರು. ಪತ್ರವನ್ನು ಕೈಗೆ ಕೊಟ್ಟು ಇದು ನಿಜವೇ ಎಂದು ಕೇಳಿದರು. ಪೂರ್ತಿ ಓದಿದ. ಕೆಳಗಿನ ಸಹಿಯನ್ನು ಬಹಳ ಹೊತ್ತು ನೋಡಿದ. "ಹೌದ್ರಿ," ಎಂದ.

ನಿಷ್ಪಕ್ಷಪಾತವಾಗಿ ಬರೆದ ಮಾಸ್ತರರಿಗೆ ಕಮಿಟಿಯ ಕೃತಜ್ಞತೆ ತಿಳಿಸಲು ಹೇಳಿದ್ದಾರೆ. ತಿಳಿಸಿದ್ದೇನೆ.

ಸಲಾವುದ್ದೀನ್


ಹುಮನಾಬಾದ
೧೩ ನವೆಂಬರ್ ೧೯೭೮

ಸಲಾವುದ್ದೀನ್,

ಈ ಪತ್ರವನ್ನು ಸೆಪ್ಟೆಂಬರ್ ಹದಿನೈದಕ್ಕೆ ಬರೆಯಬೇಕಿತ್ತು.

ಮಾರುತಿ ಮೈಗಳ್ಳನಲ್ಲ. ಚೆಂಡು ಪುಟಿಸಬಾರದು, ಉರುಳಿದ ಚೆಂಡಿನ ಹಿಂದೆ ಓಡಬಾರದು ಎಂದು ಹನ್ನೆರಡು ವರ್ಷದ ಹುಡುಗನಿಂದ ಪೂಜೆಯ ಚೆಂಡು ಮುಟ್ಟಿಸಿ ಆಣೆ ಮಾಡಿಸಿದವನು ನಾನು. ಶಾಲೆಗೆ ಇದ್ದದ್ದು ಒಂದೇ ಚೆಂಡು, ಅದು ಹರಿಯಬಾರದು ಎಂಬುದಷ್ಟೇ ನನ್ನ ಲೆಕ್ಕ. ನನಗೆ ಅದು ಚೆಂಡಿನ ಬಂದೋಬಸ್ತು, ಅವನಿಗೆ ಅದೇ ಆಟವಾಯಿತು. ಅವನು ಇಲ್ಲಿಯ ಹಾಸ್ಟೆಲಿನಲ್ಲಿದ್ದು ಮ್ಯಾಟ್ರಿಕ್ ಮುಗಿಸಿದ ಮರುವರ್ಷ ರಬ್ಬರ್ ಚೆಂಡುಗಳು ಬಂದವು. ಹೊಸ ಹುಡುಗರಿಗೆ ನಾನು ಆಣೆ ಹಾಕಿಸಲಿಲ್ಲ, ಹಳೆಯವರಿಗೆ ಬಿಡಿಸಲೂ ಇಲ್ಲ. ಮರೆತೇ ಬಿಟ್ಟೆ. ಆಮೇಲೆ ಅವನು ಭಾನುವಾರಕ್ಕೊಮ್ಮೆ ಕಲ್ಯಾಣದಿಂದ ಬಂದು ಒಬ್ಬನೇ ನಿಂತು ರಿಂಗಿಗೆ ಎಸೆಯುತ್ತಿದ್ದ. ನಾನು ಕೈ ಮಾತ್ರ ನೋಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಅವನು ಪತ್ರ ಬರೆದು ನನ್ನ ಒಪ್ಪಿಗೆ ಕೇಳಿದ. ಅದನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಒಪ್ಪಿಗೆ ಕೊಟ್ಟೆ. ನಿನಗೆ ನಾನೇ ಬರೆಯುತ್ತೇನೆಂದು ಅವನ ಬಾಯಿಯನ್ನೂ ಕಟ್ಟಿದೆ. ಬರೆಯಲು ಕುಳಿತೆ, ಕಾಗದ ಎತ್ತಿಟ್ಟೆ. ಬಾಸ್ಕೆಟ್‌ಬಾಲ್ ಕಲಿಸುತ್ತೇನೆಂದು ಜಂಬ ಕೊಚ್ಚಿಕೊಂಡವನು ಚೆಂಡು ಪುಟಿಸುವುದನ್ನೇ ನಿಷೇಧಿಸಿದ್ದ ಎಂದು ನೀನು ನಾಲ್ಕು ಜನರಲ್ಲಿ ಹೇಳಿ ನಗುತ್ತೀ ಎನ್ನಿಸಿತು. ಹೇಗೂ ಹುಡುಗ ಆಡಿ ತೋರಿಸುತ್ತಾನೆ, ನನ್ನ ತಪ್ಪು ಬಯಲಾಗದೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಕಿವಿ ಹಿಂಡಿದ್ದೇನೆ ಎಂದು ಅವನು ಸುಧಾರಿಸಿದ್ದರ ಹೆಸರನ್ನೂ ನಾನೇ ತೆಗೆದುಕೊಂಡೆ. ಆ ಸಾಲು ನೆನಪಾದರೆ ಮೈಮೇಲೆ ಜಿರಲೆ ಹರಿದಂತಾಗುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಿದೆ. ಈ ಪತ್ರವನ್ನು ಕಮಿಟಿಯೆದುರು ಓದು. ಮೊದಲನೆಯದನ್ನು ಓದಿದಷ್ಟೇ ಜೋರಾಗಿ ಓದಿಸು.

ದಿಗಂಬರ


ಹೈದರಾಬಾದ್
೨೮ ನವೆಂಬರ್ ೧೯೭೮

ದಿಗಂಬರ,

ಓದಿಸಿದೆ. ಶಿಷ್ಯನ ನೌಕರಿ ಹೋಯಿತೆಂದು ಗುರುವಿಗೆ ಕನಿಕರ ಬಂದಿದೆ, ಮೊದಲ ಪತ್ರ ಸತ್ಯದ್ದು, ಎರಡನೆಯದು ಕರುಣೆಯದ್ದು ಎಂದರು. ಹುಡುಗನ ಪತ್ರ ತೋರಿಸಿದೆ. ತಾನೇ ಹೌದೆಂದು ಒಪ್ಪಿದ ಮೇಲೆ ಇದೇನು ಎಂದು ಮಡಚಿ ಕೊಟ್ಟರು. ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತು.

ನಿನ್ನ ಮೇಲೆ ಎರಡು ದಿನ ಸಿಟ್ಟಿತ್ತು. ಆಮೇಲೆ ನನ್ನ ಮೇಲೂ ಬಂತು. ಬಾರದ್ದೋ ಮಾಡದ್ದೋ ಎಂದು ಎರಡೇ ಬಾಗಿಲು ಇಟ್ಟು ಕೇಳಿದವನು ನಾನು. ಎರಡೂ ಅಲ್ಲದ ಮೂರನೆಯದೊಂದು ಇದ್ದೀತೆಂದು ನನಗೂ ಹೊಳೆಯಲಿಲ್ಲ.

ಒಂದು ಮಾತನ್ನು ಹಿಂದಿನ ಪತ್ರದಲ್ಲಿ ಬರೆದಿರಲಿಲ್ಲ, ಈಗ ನೀನು ತಿಳಿಯಬೇಕು. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕೇಳಿದೆ, ಅಷ್ಟು ಮೈ ಹರಿದುಕೊಂಡು ಆಡಿದವನು ಯಾಕೆ ಹೌದೆಂದೆ ಎಂದು. "ಸರ್ ಬರದಾರಂದ್ರ ಸುಳ್ಳ ಇರೂದಿಲ್ರಿ. ನನ್ನಾಗ ಮೈಗಳ್ಳತನ ಇದ್ದಿರಬೇಕು, ನನಗ ಗೊತ್ತಾಗಿಲ್ಲ," ಎಂದ. ಮುಖದಲ್ಲಿ ಸಿಟ್ಟಿರಲಿಲ್ಲ. ನಾಚಿಕೆಯಿತ್ತು. ನೀನು ಆಣೆಯ ವಿಷಯ ಬರೆದ ಪತ್ರ ಬರುವ ಮೊದಲೇ ಹೋಗಿಬಿಟ್ಟಿದ್ದ.

ನನ್ನ ತಂಗಿ ಹಜಿರಾ ಬೀ ಕಲ್ಯಾಣದಲ್ಲಿ ಅವರದೇ ಓಣಿಯವಳು. ಮಾಸ್ತರರೇ ಮೈಗಳ್ಳನೆಂದು ಬರೆದು ಕೊಟ್ಟರಂತೆ ಎಂದು ಓಣಿಗೆಲ್ಲ ಗೊತ್ತಾಗಿದೆಯಂತೆ. ಅವನ ತಾಯಿ ಕೇಶರಬಾಯಿ ರೊಟ್ಟಿ ಬಡಿದು ಮುಂದಿಡುತ್ತಾಳೆ, ಮಗನ ಜೊತೆ ಮಾತು ಬಿಟ್ಟಿದ್ದಾಳೆ ಎಂದು ಹಜಿರಾ ಬರೆದಿದ್ದಾಳೆ. ನೌಕರಿ ನಮ್ಮ ಕೈ ಮೀರಿತು. ಇದು ನಿನ್ನ ಕೈಯಲ್ಲಿದೆ.

ಸಲಾವುದ್ದೀನ್


ಹುಮನಾಬಾದ
೪ ಡಿಸೆಂಬರ್ ೧೯೭೮

ಬಸವಕಲ್ಯಾಣದ ಕೇಶರಬಾಯಿ ಅಕ್ಕನಿಗೆ,

ಎರಡು ಸಲ ಕಲ್ಯಾಣದ ಬಸ್ಸು ಹತ್ತಿ ಇಳಿದಿದ್ದೇನೆ. ನಿಮ್ಮ ಹೊಸಿಲು ತುಳಿಯಲು ಕಾಲು ಬರಲಿಲ್ಲ. ನಿಮಗೆ ಓದಲು ಬಾರದೆಂದು ಗೊತ್ತು. ಯಾರಾದರೂ ಓದಿ ಹೇಳಲೆಂದೇ, ಓಣಿಯವರೂ ಕೇಳಲೆಂದೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದಿದ್ದೇನೆ. ನಿಮ್ಮ ಮಗ ಮೈಗಳ್ಳನಲ್ಲ. ನಾನು ಬರೆದು ಕೊಟ್ಟದ್ದು ಸುಳ್ಳು. ನಾನು ಕಲಿಸಿದ್ದು ತಪ್ಪು, ಅದನ್ನು ಅವನು ನಂಬಿ ನಡೆದ. ತಪ್ಪು ತಿಳಿದ ಮೇಲೂ ಎರಡು ತಿಂಗಳು ನನ್ನ ಮಾನಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟರಲ್ಲಿ ಅವನ ನೌಕರಿ ಹೋಯಿತು. ಅವನಂಥ ದುಡಿಮೆಗಾರ ಶಿಷ್ಯ ನನಗೆ ಇನ್ನೊಬ್ಬನಿಲ್ಲ. ಅವನ ಮೇಲೆ ಸಿಟ್ಟು ಬೇಡ. ಇರುವ ಸಿಟ್ಟೆಲ್ಲ ನನ್ನ ಮೇಲಿರಲಿ.

ದಿಗಂಬರ ಮಾಸ್ತರ


ಬಸವಕಲ್ಯಾಣ
೧೫ ಡಿಸೆಂಬರ್ ೧೯೭೮

ಪೂಜ್ಯ ಗುರುಗಳಿಗೆ,

ಅವ್ವನ ಹೆಸರಿನ ಕಾರ್ಡು ಬಂತು. ಅಂಚೆಯವರು ಓಣಿಯ ತಿರುವಿನಲ್ಲೇ ನನ್ನ ಕೈಗೆ ಕೊಟ್ಟರು. ಅಲ್ಲೇ ನಿಂತು ಓದಿದೆ. ನನ್ನಲ್ಲಿ ಮೈಗಳ್ಳತನವಿಲ್ಲವೆಂದು ನೀವೇ ಬರೆದಿರಿ, ನನಗೆ ಅಷ್ಟು ಸಾಕು. ಆಣೆಯನ್ನೇ ನೆಪ ಮಾಡಿಕೊಂಡಿದ್ದೆನೇನೋ ಎಂದು ಇಷ್ಟು ದಿನ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಈಗ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳಿಗೆ ಹೇರುವ ಕೆಲಸ ಹಿಡಿದಿದ್ದೇನೆ. ಊಟ ನಿದ್ದೆ ಸರಿಯಾಗಿದೆ.

ಒಂದು ತಪ್ಪು ಮಾಡಿದ್ದೇನೆ, ಅದನ್ನು ನಿಮಗೆ ಹೇಳಬೇಕು. ಮನೆಗೆ ಬಂದಾಗ ಅವ್ವ ಕಾರ್ಡು ನೋಡಿ ಯಾರದೆಂದು ಕೇಳಿದಳು. ತಿಂಗಳಾದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ಮಾಸ್ತರದು ಎಂದೆ, ಓದು ಎಂದಳು. ನಿಮ್ಮ ತಪ್ಪೆಂದು ನೀವು ಬರೆದ ಸಾಲುಗಳು ನನ್ನ ಬಾಯಿಂದ ಹೊರಡಲಿಲ್ಲ. ಅವ್ವನ ಎದುರಿಗೆ ನಿಮ್ಮನ್ನು ಸಣ್ಣವರನ್ನಾಗಿ ಮಾಡುವುದು ನನ್ನಿಂದಾಗಲಿಲ್ಲ. ಮಾಸ್ತರರು ಕ್ಷೇಮ ಕೇಳಿದ್ದಾರೆ, ನನಗೆ ಆಶೀರ್ವಾದ ಹೇಳಿದ್ದಾರೆ, ಸಿಟ್ಟು ಮಾಡಬೇಡಿ ಅಂದಿದ್ದಾರೆ ಎಂದು ಓದಿದೆ.

ಅವ್ವ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡಳು. "ಅವರ ಹೆಸರ ಕೆಡಿಸಿ ಬಂದಿ, ಆದ್ರೂ ನಿನ್ನ ಮ್ಯಾಲ ಸಿಟ್ಟಿಲ್ಲ ನೋಡು. ದೇವರಂಥಾ ಮನಶ್ಯಾ," ಎಂದಳು.

ನಿಮ್ಮ ಶಿಷ್ಯ
ಮಾರುತಿ